ಹಿಂದಿನ ಸೀಟಿನ ಮಾತು

ಮೋಟಾರ್ ಸೈಕಲ್ಲಿನ ಅಂದಚೆಂದದ ಬಗ್ಗೆ ಮಾತಾಡುವ ಹಕ್ಕು ಗಂಡಸರಿಗೆ ಮಾತ್ರ ಸೇರಿದ್ದು ಎಂದು ಯಾವ ಶಾಸ್ತ್ರದಲ್ಲಿ ಬರೆದಿದೆಯೋ ಕಾಣೆ. ಆದರೆ ನಾವೆಲ್ಲ ಹಾಗೆಂದು ಒಪ್ಪಿಕೊಂಡು ಕೂತಿದ್ದೇವೆ. ಸೀರೆಯ ಅಂಚು ಎಷ್ಟಗಲ ಇರಬೇಕು, ಹುಳಿಗೆ ಬೆಲ್ಲ ಎಷ್ಟು ಬೀಳಬೇಕು ಎಂಬುದರ ಬಗ್ಗೆಯೂ ಗಂಡಸರು ಧಾರಾಳವಾಗಿ ಅಭಿಪ್ರಾಯ ಕೊಡುತ್ತಾರೆ, ನಾವು ಕೇಳಿಸಿಕೊಳ್ಳುತ್ತೇವೆ. ಗಾಡಿಯ ವಿಷಯಕ್ಕೆ ನಾವು ಬಾಯಿ ತೆರೆದರೆ ಮಾತ್ರ "ನಿಮಗದೆಲ್ಲ ಗೊತ್ತಾಗಲ್ಲ ಬಿಡಿ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಮಡಿಲಲ್ಲಿ ಮಗು, ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದು ಕೈಯಲ್ಲಿ ಹಿಡಿ ಹಿಡಿದು ವರ್ಷಗಟ್ಟಲೆ ಹಿಂದಿನ ಸೀಟಿನಲ್ಲಿ ಕೂತು, ಊರಿನ ಒಂದೊಂದು ಗುಂಡಿಯನ್ನೂ ಬೆನ್ನುಮೂಳೆಯಿಂದಲೇ ಗುರುತಿಸಬಲ್ಲ ನಮಗೆ ಗೊತ್ತಾಗದೆ ಇನ್ನಾರಿಗೆ ಗೊತ್ತಾಗಬೇಕು?

ಈ ಮಾತು ಎತ್ತಲು ಕಾರಣ ಜಾವಾ. ಮೈಸೂರು ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಆ ಹೆಸರು ಬರಿಯ ಗಾಡಿಯದಲ್ಲ, ಮನೆಮಗನದು ಇದ್ದ ಹಾಗೆ. ಮೂಲದಲ್ಲಿ ಅದು ಜೆಕ್ ದೇಶದ್ದು. ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಸುವ ಹಕ್ಕು ಕೊಂಡು, ತನ್ನ ಹೆಸರಿನ ಮೊದಲಿಗೆ ಆ ಹೆಸರಿನ ಮೊದಲು ಸೇರಿಸಿ ಜಾವಾ ಎಂದು ನಾಮಕರಣ ಮಾಡಿದ. ಇರಾನಿ ಮನೆತನದವರು ಅದನ್ನು ಮೈಸೂರಿಗೆ ತಂದರು. 1961ರಿಂದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಗಾಡಿ ತಯಾರಾಗತೊಡಗಿತು. ಎಪ್ಪತ್ತರ ದಶಕದಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಬಂತು. 1978ರಲ್ಲಿ ರೋಡ್‌ಕಿಂಗ್ ಬಂತು. 1985ರಲ್ಲಿ ಹೀರೊ ಹೋಂಡಾದ ಸಿಡಿ 100 ಬಂದು ಒಂದು ಲೀಟರಿಗೆ ಊರೂರು ಸುತ್ತಿಸತೊಡಗಿದ ಮೇಲೆ, ಪೆಟ್ರೋಲಿಗೆ ಆಯಿಲ್ ಬೆರೆಸಿ ಹೊಗೆ ಬಿಟ್ಟುಕೊಂಡು ಓಡುವ ಗಾಡಿಗೆ ಉಳಿಗಾಲ ಕಡಿಮೆಯಾಯಿತು. 1996ರಲ್ಲಿ ಕಾರ್ಖಾನೆ ನಿಂತಿತು. ಇಪ್ಪತ್ತೆರಡು ವರ್ಷ ಕಳೆದು, 2018ರ ನವೆಂಬರಿನಲ್ಲಿ ಮಹೀಂದ್ರ ಸಮೂಹಕ್ಕೆ ಸೇರಿದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾ ಹೆಸರನ್ನು ಮತ್ತೆ ರಸ್ತೆಗೆ ಇಳಿಸಿತು. 2022ರ ಜನವರಿಯಲ್ಲಿ ಯೆಜ್ಡಿಯೂ ಬಂತು. ಈಗ ತಯಾರಾಗುವುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. ಇರಲಿ, ಹೆಣ್ಣು ಕೊಟ್ಟ ಊರು ದೂರವಾದರೂ ತವರಿನವರ ಅಭಿಮಾನ ಹೋಗುತ್ತದೆಯೆ?

ಈ ಅಭಿಮಾನಿಗಳ ಮಾತನ್ನು ನಾನು ಬಹಳ ಕೇಳಿದ್ದೇನೆ. ತಂಗಿಯ ಮಗನಿಗೆ ಜಾವಾ ಹುಚ್ಚು. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ಹಳೆಯ ಗಾಡಿಗಳನ್ನೆಲ್ಲ ಉಜ್ಜಿ ತಿಕ್ಕಿ ಮೆರವಣಿಗೆ ಹೊರಡುವವರಲ್ಲಿ ಅವನೂ ಒಬ್ಬ. ಅವನ ಸ್ನೇಹಿತರು ನಮ್ಮ ಜಗಲಿಯಲ್ಲಿ ಸೇರಿದರೆಂದರೆ ಎರಡು ಸುತ್ತು ಕಾಫಿ, ಒಂದು ತಟ್ಟೆ ಕೋಡುಬಳೆ ಮುಗಿದರೂ ವಾದ ಮುಗಿಯುವುದಿಲ್ಲ. ಅವರಲ್ಲಿ ಮೂರು ಮತಗಳಿವೆ. ಮೊದಲನೆಯದು ಸನಾತನಿಗಳದು. ಟೂ ಸ್ಟ್ರೋಕ್ ಎಂಜಿನ್ನಿನ ಸದ್ದಿಲ್ಲದೆ ಜಾವಾ ಇಲ್ಲ, ಕಿಕ್ ಹೊಡೆಯುವ ಸನ್ನೆಯೇ ಮಡಚಿ ಗೇರ್ ಸನ್ನೆಯಾಗದಿದ್ದರೆ ಅದು ಯೆಜ್ಡಿಯೇ ಅಲ್ಲ, ಈಗಿನದು ಹೆಸರಿಗೆ ಮಾತ್ರ ಎಂಬುದು ಅವರ ಸಿದ್ಧಾಂತ. ಎರಡನೆಯದು ಮಧ್ಯಮ ಮಾರ್ಗದವರದು. ಕಾಲ ಬದಲಾಗಿದೆ, ಹೊಗೆಯ ಕಾನೂನು ಬಿಗಿಯಾಗಿದೆ, ಫೋರ್ ಸ್ಟ್ರೋಕ್ ಅನಿವಾರ್ಯ. ಆದರೆ ಕುಂಕುಮಗೆಂಪು ಟ್ಯಾಂಕು, ಅದರ ಮೇಲಿನ ಹೊಳಪು, ಎರಡು ಪಕ್ಕದ ಎರಡು ಸೈಲೆನ್ಸರ್ ಇವನ್ನು ಉಳಿಸಿಕೊಂಡರೆ ಸಾಕು ಎನ್ನುತ್ತಾರೆ. ಮೂರನೆಯದು ಹೊಸಬರದು. ಅಜ್ಜನ ಕೋಟು ತೊಟ್ಟು ಎಷ್ಟು ದಿನ ಓಡಾಡುವುದು? ಅಡ್ವೆಂಚರ್, ಸ್ಕ್ರಾಂಬ್ಲರ್, 2024ರ 42 ಎಫ್‌ಜೆ ಇಂಥವೇ ಮುಂದಿನ ದಾರಿ. ಮುಂದೆ ಬರುವುದು ಇನ್ನಷ್ಟು ಎತ್ತರವಿರಲಿ, ಇನ್ನಷ್ಟು ಜೋರಿರಲಿ ಎಂದು ಅವರ ಬೇಡಿಕೆ.

ಮೂರು ಮತದವರ ಮಾತಿನಲ್ಲೂ ಸತ್ಯವಿದೆ. ಹಳೆಯ ಗಾಡಿಯ ಸದ್ದು ಬೀದಿಯ ತಿರುವಿನಲ್ಲೇ ಮನೆಯವರು ಬಂದರೆಂದು ತಿಳಿಸಿ, ನಾವು ಅನ್ನಕ್ಕಿಟ್ಟ ನೀರು ಕುದಿಯುವಷ್ಟರಲ್ಲಿ ಅವರನ್ನು ಬಾಗಿಲಿಗೆ ತರುತ್ತಿತ್ತು. ಅದನ್ನು ನಾನೂ ಮರೆತಿಲ್ಲ. ನನ್ನ ತಕರಾರು ಅವರು ಆಡುವ ಮಾತಿನ ಬಗ್ಗೆ ಅಲ್ಲ, ಆಡದ ಮಾತಿನ ಬಗ್ಗೆ. ಟ್ಯಾಂಕಿನ ಉಬ್ಬಿಗೆ ಅರ್ಧ ಗಂಟೆ, ಹೆಡ್‌ಲೈಟಿನ ಗುಂಡಗಿಗೆ ಅರ್ಧ ಗಂಟೆ, ಸೈಲೆನ್ಸರಿನ ತುದಿಗೆ ಒಂದು ಗಂಟೆ. ಗಾಡಿಯ ಹಿಂದಿನ ಅರ್ಧಕ್ಕೆ ಒಂದು ನಿಮಿಷವೂ ಇಲ್ಲ. ಅಲ್ಲಿ ಯಾರು ಕೂರುತ್ತಾರೆ, ಹೇಗೆ ಕೂರುತ್ತಾರೆ, ಎಲ್ಲಿ ಹಿಡಿಯುತ್ತಾರೆ, ಕಾಲು ಎಲ್ಲಿಡುತ್ತಾರೆ, ಸೆರಗು ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆಯನ್ನು ಮೂರು ಮತದವರಲ್ಲಿ ಒಬ್ಬನೂ ಎತ್ತಿದ್ದನ್ನು ನಾನು ಕೇಳಿಲ್ಲ. ಅಜ್ಜಿಗೆ ಅರಿವೆ ಚಿಂತೆ ಎಂಬ ಗಾದೆಯಿದೆಯಲ್ಲ, ಅದನ್ನು ಲೇವಡಿಗೆ ಬಳಸುತ್ತಾರೆ. ಹಿಂಬದಿ ಚಕ್ರದ ಪಕ್ಕದಲ್ಲಿ ಕೂತ ಅಜ್ಜಿಗೆ ಅರಿವೆ ಚಿಂತೆಯೆಂದರೆ ಪ್ರಾಣದ ಚಿಂತೆಯೇ.

ಆ ಎರಡು ಸೈಲೆನ್ಸರಿನ ವಿಷಯವನ್ನೇ ತೆಗೆದುಕೊಳ್ಳಿ. ಒಂದೇ ಸಿಲಿಂಡರಿನ ಎಂಜಿನ್ನಿಗೆ ಎರಡು ಸೈಲೆನ್ಸರ್ ಏಕೆ, ಅದು ಶೋಕಿಯೇ ಅಗತ್ಯವೇ ಎಂದು ಹುಡುಗರು ಜಗಳವಾಡುತ್ತಾರೆ. ನಾವು ಹೆಂಗಸರು ಎಡಕ್ಕೆ ಕಾಲು ಇಳಿಬಿಟ್ಟು ಕೂರುವವರು. ಬೇರೆ ಬಹುಪಾಲು ಗಾಡಿಗಳ ಸೈಲೆನ್ಸರ್ ಇರುವುದು ಬಲಕ್ಕೆ. ಎಡಕ್ಕೂ ಒಂದು ಇದ್ದರೆ ಪಾದದ ಪಕ್ಕದಲ್ಲಿ ಕಾದ ಕಾವಲಿ ಇಟ್ಟುಕೊಂಡು ಕೂತಂತೆ. ಸೀರೆಯ ನೆರಿಗೆ, ಮಗುವಿನ ಪುಟ್ಟ ಕಾಲು ಎರಡನ್ನೂ ಅದರಿಂದ ದೂರವಿಡಬೇಕು. ಎರಡನೆಯ ಸೈಲೆನ್ಸರ್ ಬೇಡವೆಂದು ನಾನು ಹೇಳುತ್ತಿಲ್ಲ. ಕಾಲಿಡಲು ಅಗಲವಾದ ಜಾಗ ಬೇಕು, ಬಿಸಿ ತಾಗದಂಥ ಹೊದಿಕೆ ಬೇಕು ಎಂದು ಹೇಳುತ್ತಿದ್ದೇನೆ. ಈ ಮಾತು ಅಂದದ ಚರ್ಚೆಯಲ್ಲಿ ಬರಬಾರದೆ?

ಹಳೆಯ ಜಾವಾವನ್ನು ಹೊಗಳುವ ಮಹನೀಯರು ಅದರ ಚೈನಿನ ಕವಚವನ್ನು ಹೊಗಳಿದ್ದನ್ನೂ ನಾನು ಕೇಳಲಿಲ್ಲ. ಅದರ ಚೈನು ಪೂರ್ತಿ ತಗಡಿನ ಪೆಟ್ಟಿಗೆಯೊಳಗೆ ಮುಚ್ಚಿಕೊಂಡಿರುತ್ತಿತ್ತು. ಧೂಳು ಕೂರುತ್ತಿರಲಿಲ್ಲ, ಗ್ರೀಸು ಹಾರುತ್ತಿರಲಿಲ್ಲ. ಬಿಳಿಯ ವಾಯಿಲ್ ಸೀರೆ ಉಟ್ಟು ಶಾಲೆಗೆ ಹೋಗಿ ಇಳಿದರೆ ಸೀರೆ ಬಿಳಿಯಾಗಿಯೇ ಇರುತ್ತಿತ್ತು. ಗ್ರೀಸಿನ ಕಲೆ ತೆಗೆಯುವುದು ಎಷ್ಟು ಕಷ್ಟವೆಂದು ಬಟ್ಟೆ ಒಗೆಯುವವರನ್ನು ಕೇಳಿ ನೋಡಿ! ಇದಲ್ಲವೆ ವಿನ್ಯಾಸ? ಹೊಸ ಗಾಡಿಯಲ್ಲಿ ಹಳೆಯದರ ಬಣ್ಣ ಬಂತು, ಗೆರೆ ಬಂತು, ಟ್ಯಾಂಕಿನ ಆಕಾರ ಬಂತು. ಆ ಕವಚ ಬರಲಿಲ್ಲ. ಬರಲಿಲ್ಲವೆಂದು ಕೊರಗಿದ ಅಭಿಮಾನಿಯೂ ಸಿಕ್ಕಲಿಲ್ಲ. ಮುಂದಿನಿಂದ ನೋಡುವವರಿಗೆ ಕಾಣುವುದೆಲ್ಲ ಪರಂಪರೆ, ಹಿಂದೆ ಕೂತವರಿಗೆ ಉಪಕಾರವಾದದ್ದೆಲ್ಲ ತಗಡು!

ಇನ್ನು ಪೆರಕ್. ಇದು ಒಂಟಿ ಸೀಟಿನ ಗಾಡಿ. 2018ರಲ್ಲಿ ತೋರಿಸಿ ಮರುವರ್ಷ ಮಾರಾಟಕ್ಕಿಟ್ಟರು. 2022ರಲ್ಲಿ ಬಂದ 42 ಬಾಬರ್ ಕೂಡ ಅದೇ ಜಾತಿ. ಹಿಂದಿನವರಿಗೆ ಜಾಗವೇ ಇಲ್ಲ. ನನಗೆ ತಮಾಷೆಯೆನ್ನಿಸಿದ್ದು ಆ ಹೆಸರು. ಜೆಕ್ ಭಾಷೆಯಲ್ಲಿ ಅದು ಸ್ಪ್ರಿಂಗಿಗೆ ಸಂಬಂಧಪಟ್ಟ ಮಾತು. 1946ರಲ್ಲಿ ಬಂದ ಮೊದಲ ಪೆರಕ್‌ಗೆ ಆ ಹೆಸರು ಬಿದ್ದದ್ದೇ ಅದರ ಹಿಂಬದಿ ಚಕ್ರಕ್ಕೆ ಸ್ಪ್ರಿಂಗ್ ಕೊಟ್ಟದ್ದರಿಂದ. ಗಾಡಿಯ ಹಿಂಭಾಗಕ್ಕೆ ಸುಖ ಕೊಟ್ಟು ಗಳಿಸಿದ ಹೆಸರನ್ನು ಹಿಂಭಾಗದಲ್ಲಿ ಮನುಷ್ಯರೇ ಇಲ್ಲದ ಗಾಡಿಗೆ ಇಟ್ಟರು. ನಮ್ಮ ಜಗಲಿಯ ಮೂರು ಮತದವರೂ ಜಗಳ ಬಿಟ್ಟು ಒಕ್ಕೊರಲಿನಿಂದ "ಎಂಥಾ ಲುಕ್!" ಎಂದದ್ದು ಈ ಒಂದೇ ಗಾಡಿಗೆ.

ನಾನು ಕೇಳಿದೆ: "ಅಲ್ಲಪ್ಪಾ, ಇದರಲ್ಲಿ ನಿಮ್ಮಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗೋದು ಹೇಗೆ?"

"ದೊಡ್ಡಮ್ಮ, ಅದಕ್ಕೆಲ್ಲ ಆಟೋ ಇಲ್ವಾ? ಇದು ಅದಕ್ಕಲ್ಲ, ಇದು ಪ್ಯಾಶನ್" ಎಂದ ತಂಗಿಯ ಮಗ.

ಅವನ ಕಾಸು, ಅವನ ಇಷ್ಟ, ನಿಜ. ಹಣವಿದ್ದವನು ಒಂಟಿ ಸೀಟಿನದನ್ನೂ ಕೊಳ್ಳಲಿ, ಮನೆಯಲ್ಲಿ ಇನ್ನೆರಡು ಗಾಡಿ ಇಟ್ಟುಕೊಳ್ಳಲಿ. ಆದರೆ ನಮ್ಮಂಥ ಊರುಗಳ ಮನೆಗಳಲ್ಲಿ ಇರುವುದು ಒಂದೇ ಗಾಡಿ. ಅದು ಬೆಳಗ್ಗೆ ಹಾಲಿಗೆ, ಒಂಬತ್ತಕ್ಕೆ ಶಾಲೆಗೆ, ಸಂಜೆ ಸಂತೆಗೆ, ರಾತ್ರಿ ಜ್ವರ ಬಂದ ಮಗುವಿನ ಜತೆ ಡಾಕ್ಟರ ಮನೆಗೆ ಓಡುವ ಗಾಡಿ. ಆ ಗಾಡಿಯ ಸಾಲದ ಕಂತು ಎಷ್ಟೋ ಮನೆಗಳಲ್ಲಿ ಹೆಂಡತಿಯ ಸಂಬಳದಿಂದಲೂ ಹೋಗುತ್ತದೆ, ಸ್ತ್ರೀಶಕ್ತಿ ಸಂಘದ ಉಳಿತಾಯದಿಂದಲೂ ಹೋಗುತ್ತದೆ. ಕಂತು ಕಟ್ಟುವಾಗ ಪಾಲುಗಾರ್ತಿ, ಅಂದ ನಿರ್ಣಯಿಸುವಾಗ ಪರಕೀಯಳು. ಇದು ಯಾವ ನ್ಯಾಯ?

ಒಂಟಿ ಸೀಟಿನ ಗಾಡಿ ಕೊಳ್ಳುವವರು ಎಲ್ಲೋ ಕೆಲವರು. ಅದಕ್ಕಿಂತ ನನ್ನನ್ನು ಕೆರಳಿಸುವುದು ಎರಡು ಸೀಟಿನ ಗಾಡಿಯನ್ನು ಕೊಂಡು ಅದರ ಹಿಂಭಾಗವನ್ನು ಬೋಳಿಸುವ ಚಾಳಿ. ಗಾಡಿ ಷೋರೂಮಿನಿಂದ ಹೊರಬಂದು ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಪೂಜೆ ಮುಗಿದ ವಾರದಲ್ಲೇ ಸ್ಪ್ಯಾನರ್ ಹಿಡಿದು ಕೂರುತ್ತಾರೆ. ಮೊದಲು ಬಿಚ್ಚುವುದು ಸ್ಯಾರಿ ಗಾರ್ಡ್. ಆಮೇಲೆ ಹಿಂದಿನ ಹಿಡಿ. ಆಮೇಲೆ ಮಡ್‌ಗಾರ್ಡ್ ಕತ್ತರಿಸಿ ಮೋಟು ಮಾಡುವುದು. "ಗೆರೆ ಕೆಡುತ್ತೆ ಮೇಡಂ" ಎಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಗೆರೆಯಂತೆ! ಅವನಿಗೆ ಎಂಟನೆಯ ತರಗತಿಯಲ್ಲಿ ಭಾರತದ ನಕ್ಷೆಯ ಗೆರೆ ಎಳೆಯಲು ಬರುತ್ತಿರಲಿಲ್ಲ.

ಈ ಮೂರೂ ಅಲಂಕಾರದ ಸಾಮಾನುಗಳಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯ ನಿಯಮ ಇದಕ್ಕಾಗಿಯೇ ಇದೆ. ಗಾಡಿ ತಯಾರಾಗುವಾಗಲೇ ಸವಾರನ ಸೀಟಿನ ಪಕ್ಕದಲ್ಲೋ ಹಿಂದೆಯೋ ಕಾಯಂ ಹಿಡಿಯೊಂದಿರಬೇಕು, ಕಾಲಿಡಲು ಆಸರೆ ಇರಬೇಕು, ಹಿಂದೆ ಕೂತವರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಬದಿ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗವನ್ನು ಮುಚ್ಚುವ ರಕ್ಷಣೆ ಇರಬೇಕು ಎಂದು ಅದು ಹೇಳುತ್ತದೆ. ಕಾನೂನು ಮಾಡಿದವರಿಗೆ ನಮ್ಮ ಸೆರಗು ನೆನಪಿಗೆ ಬಂತು. ಮನೆಯ ಮಗನಿಗೆ ಬರಲಿಲ್ಲ.

ಬಟ್ಟೆ ಚಕ್ರಕ್ಕೆ ಸಿಕ್ಕಿದರೆ ಏನಾಗುತ್ತದೆ ಎಂದು ಕೆಲವರಿಗೆ ತಿಳಿದಂತಿಲ್ಲ. ತಿರುಗುವ ಚಕ್ರ ಬಟ್ಟೆಯನ್ನು ಹರಿಯುವುದಿಲ್ಲ, ರಾಟೆಗೆ ನೂಲು ಸುತ್ತಿದಂತೆ ಸುತ್ತಿಕೊಳ್ಳುತ್ತ ಹೋಗುತ್ತದೆ. ಸೆರಗು ಭುಜಕ್ಕೆ ಪಿನ್ ಹಾಕಿರುತ್ತದೆ, ದುಪಟ್ಟ ಕುತ್ತಿಗೆಗೆ ಸುತ್ತಿರುತ್ತದೆ. ಕೂತವಳು ಹಿಂದಕ್ಕೆ, ಕೆಳಕ್ಕೆ ಎಳೆದುಕೊಂಡು ಬೀಳುತ್ತಾಳೆ. ಮುಂದಿನವನಿಗೆ ಗೊತ್ತಾಗುವುದು ಹಿಂದೆ ಹಗುರಾದ ಮೇಲೆ. ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರಿಗೆ 2014ರಲ್ಲಿ ಹೀಗಾಯಿತು. ತಮ್ಮನ ಗಾಡಿ, ಯಾವ ಕಂಪನಿಯದೆಂಬುದು ಮುಖ್ಯವಲ್ಲ, ಕಂಪನಿ ಕೊಟ್ಟ ಗಾರ್ಡನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ್ದು ತಮ್ಮನೇ. ಜೀವ ಉಳಿಯಿತು. ಭುಜದ ಮೂಳೆ ಕೂಡಿಕೊಳ್ಳಲು ನಾಲ್ಕು ತಿಂಗಳು ಹಿಡಿಯಿತು. ಇಂದಿಗೂ ಆಕೆ ಕಪ್ಪುಹಲಗೆಯ ಮೇಲಿನ ಸಾಲಿಗೆ ಕೈ ಎತ್ತಿ ಬರೆಯಲಾರರು. ಮಧ್ಯದಿಂದ ಶುರು ಮಾಡುತ್ತಾರೆ. ಮಕ್ಕಳಿಗೆ ಅದು ಅಭ್ಯಾಸವಾಗಿಬಿಟ್ಟಿದೆ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ.

ಹಿಡಿಯದೂ ಇದೇ ಕಥೆ. ಊರಿನ ಹಂಪ್‌ಗಳ ಮೇಲೆ ಗಾಡಿ ಹಾರಿ ಹಿಂದೆ ಕೂತ ಹೆಂಗಸು ಬಿದ್ದ ಸುದ್ದಿಯನ್ನು ಎಷ್ಟು ಸಲ ಓದಿಲ್ಲ ನಾವು? ಒಂದೇ ಪಕ್ಕಕ್ಕೆ ಕೂತವಳಿಗೆ ತೊಡೆಯ ಬಿಗಿಯಿಲ್ಲ. ಅವಳ ಸಮತೋಲವೆಲ್ಲ ಆ ಒಂದು ಕಬ್ಬಿಣದ ಹಿಡಿಯಲ್ಲಿದೆ. ಅದನ್ನು ಬಿಚ್ಚಿ "ನನ್ನ ಭುಜ ಹಿಡ್ಕೋ" ಎನ್ನುವುದು ಸಿನಿಮಾದ ಹಾಡಿಗೆ ಸರಿ. ತಲೆಗೆ ಹೆಲ್ಮೆಟ್ ಹಾಕಿಕೊಂಡು ಚೀಲ ಹಿಡಿದು ಕೂತ ಐವತ್ತರ ಹೆಂಗಸಿಗೆ ಸರಿಯಲ್ಲ. 2016ರ ಜನವರಿಯಿಂದ ನಮ್ಮ ರಾಜ್ಯದಲ್ಲಿ ಹಿಂದಿನವರಿಗೂ ಹೆಲ್ಮೆಟ್ ಕಡ್ಡಾಯ. ಅದು ಒಳ್ಳೆಯದೇ. ಆದರೆ ಬಿದ್ದ ಮೇಲೆ ತಲೆ ಉಳಿಸುವ ಯೋಚನೆ ಬಂದವರಿಗೆ ಬೀಳದಂತೆ ಉಳಿಸುವ ಹಿಡಿಯ ಯೋಚನೆಯೂ ಬರಬೇಕು.

ಇದಕ್ಕೆ ಎರಡು ಉತ್ತರಗಳನ್ನು ನಾನು ಕೇಳಿದ್ದೇನೆ. ಒಂದು, "ಈಗ ಯಾರು ಸೀರೆ ಉಡುತ್ತಾರೆ?" ಹೀಗೆನ್ನುವವರು ಬೆಳಗ್ಗೆ ಎಂಟೂವರೆಗೆ ನಮ್ಮಂಥ ಯಾವುದೇ ತಾಲ್ಲೂಕು ಊರಿನ ಸರ್ಕಲ್ಲಿನಲ್ಲಿ ಹತ್ತು ನಿಮಿಷ ನಿಲ್ಲಲಿ. ಅಂಗನವಾಡಿಗೆ, ಆಸ್ಪತ್ರೆಗೆ, ಗಾರ್ಮೆಂಟ್ಸಿಗೆ, ತವರಿಗೆ ಹೊರಟವರನ್ನು ಎಣಿಸಲಿ. ಸೀರೆ ಬಿಟ್ಟವರಿಗೆ ದುಪಟ್ಟ ಇದೆ, ಬುರ್ಖಾ ಇದೆ. ಪಂಚೆಯುಟ್ಟ ಮುದುಕರೂ ಹಿಂದೆಯೇ ಕೂರುತ್ತಾರೆ.

ಎರಡನೆಯದು, "ಹೆಣ್ಣುಮಕ್ಕಳು ಈಗ ಹಿಂದೆ ಕೂರುವುದಿಲ್ಲ, ತಾವೇ ಓಡಿಸುತ್ತಾರೆ." ಬಹಳ ಸಂತೋಷ. ಜಾವಾ, ಬುಲೆಟ್ ಓಡಿಸುವ ಹುಡುಗಿಯರನ್ನು ಕಂಡರೆ ನನಗೆ ಎದೆಯುಬ್ಬುತ್ತದೆ. ಹಾಗಾದರೆ ಅವರನ್ನಾದರೂ ಕೇಳಿದಿರಾ? ನಮ್ಮ ದೇಶದ ಹೆಂಗಸಿನ ಸರಾಸರಿ ಎತ್ತರ ಐದಡಿಯ ಆಸುಪಾಸು. 2022ರಲ್ಲಿ ಬಂದ ಯೆಜ್ಡಿ ಅಡ್ವೆಂಚರಿನ ಸೀಟು ನೆಲದಿಂದ 815 ಮಿಲಿಮೀಟರ್, ಅಂದರೆ ಎರಡಡಿ ಎಂಟಂಗುಲ. ಸಿಗ್ನಲ್ಲಿನಲ್ಲಿ ಆಕೆಯ ಹಿಮ್ಮಡಿ ನೆಲ ಮುಟ್ಟುವುದು ಹೇಗೆ? ಅದು ದೂರದ, ಒರಟು ದಾರಿಯ ಗಾಡಿ, ಎತ್ತರ ಬೇಕೆನ್ನಿ, ಒಪ್ಪಿದೆ. ಆದರೆ ಬರುವ ಗಾಡಿಯೆಲ್ಲ ಇನ್ನಷ್ಟು ಎತ್ತರ, ಇನ್ನಷ್ಟು ಭಾರ ಇರಲೆಂದು ಹಾರೈಸುವವರು ಆ ಹುಡುಗಿಯರ ಹೆಸರನ್ನು ಸುಮ್ಮನೆ ಗುರಾಣಿಯಾಗಿ ಹಿಡಿಯಬಾರದು. ಮುಂದೆ ಕೂತರೂ ಹಿಂದೆ ಕೂತರೂ ಅವಳ ಅಳತೆ ತೆಗೆದವರಿಲ್ಲ.

ಅಳತೆ ತೆಗೆದಾಗ ಏನಾಯಿತೆಂಬುದಕ್ಕೆ ಪುರಾವೆ ನಮ್ಮ ಕಣ್ಣೆದುರಿಗೇ ಇದೆ. 1972ರಲ್ಲಿ ಲೂನಾ ಬಂತು, 1984ರಲ್ಲಿ ಗೇರಿಲ್ಲದ, ಗುಂಡಿ ಒತ್ತಿದರೆ ಶುರುವಾಗುವ ಕೈನೆಟಿಕ್ ಹೋಂಡಾ ಬಂತು, ತೊಂಬತ್ತರ ದಶಕದಲ್ಲಿ ಸ್ಕೂಟಿ ಬಂತು, 2001ರಲ್ಲಿ ಆಕ್ಟಿವಾ ಬಂತು. ಇವುಗಳನ್ನು "ಹೆಂಗಸರ ಗಾಡಿ" ಎಂದು ಮೂಗು ಮುರಿದ ಗಂಡಸರೇ ಇವತ್ತು ಕಾಲ ಬಳಿ ಅಕ್ಕಿಮೂಟೆ ಇಟ್ಟುಕೊಂಡು ಅವುಗಳಲ್ಲಿ ಓಡಾಡುತ್ತಿದ್ದಾರೆ. ಬೆಂಗಳೂರಿನ ಏಥರ್ ಕಂಪನಿ 2024ರಲ್ಲಿ ರಿಜ್ಟಾ ಎಂಬ ವಿದ್ಯುತ್ ಸ್ಕೂಟರ್ ತಂದಾಗ ಮನೆಮಂದಿಗೆ ಸಾಲುವ ಉದ್ದಗಲದ ಸೀಟನ್ನೇ ಮುಂದಿಟ್ಟು ಮಾರಿತು. ಜಾವಾದವರೂ 2024ರ ಜನವರಿಯಲ್ಲಿ ತಂದ 350 ಇಬ್ಬರು ಕೂರುವ, ಹಳೆಯ ಚೆಲುವಿನ ಗಾಡಿಯೇ. ಮನಸ್ಸು ಮಾಡಿದರೆ ಎಲ್ಲರಿಂದಲೂ ಆಗುತ್ತದೆ. ಮನಸ್ಸು ಮಾಡಿಸುವವರು ಗಿರಾಕಿಗಳು. ಗಿರಾಕಿಗಳಲ್ಲಿ ಕಂಪನಿಯವರ ಕಿವಿಗೆ ಬೀಳುವುದು ಅಭಿಮಾನಿಗಳ ಗದ್ದಲ ಮಾತ್ರ. ಅದಕ್ಕೇ ನಾನು ಅಭಿಮಾನಿಗಳ ಮೇಲೆ ಹರಿಹಾಯುತ್ತಿರುವುದು.

ಚೆಲುವು ಬೇಡವೆಂದು ಹೇಳುವಷ್ಟು ರಸಹೀನಳು ನಾನಲ್ಲ. ಆ ಕೆಂಪು ಟ್ಯಾಂಕಿನ ಮೇಲೆ ಬೆಳಗಿನ ಬಿಸಿಲು ಬಿದ್ದಾಗ ನನ್ನ ಕಣ್ಣೂ ಅಲ್ಲೇ ನಿಲ್ಲುತ್ತದೆ. ಆದರೆ ಚೆಲುವು ಎಂಬುದು ಉಪಯೋಗದ ಶತ್ರುವಲ್ಲ. ನಮ್ಮ ಮನೆಯ ಈಳಿಗೆಮಣೆ, ಒನಕೆ, ತೊಟ್ಟಿಲು, ಹಿತ್ತಾಳೆ ಕೊಳಗ ಇವುಗಳ ಆಕಾರವನ್ನು ನೋಡಿ. ಹಿಡಿಯುವ ಕೈ, ಕೂರುವ ಮೈ, ಮಲಗುವ ಮಗು ಇವರ ಅನುಕೂಲದಿಂದಲೇ ಅವುಗಳ ಅಂದ ಹುಟ್ಟಿದೆ. ಹಳೆಯ ಜಾವಾದ ಕಿಕ್ಕೇ ಗೇರಾಗುವ ಸನ್ನೆಯೂ ಅಂಥದೇ. ಸ್ಯಾರಿ ಗಾರ್ಡ್ ಕುರೂಪವಾಗಿದ್ದರೆ ಅದು ಅದನ್ನು ಕಾಟಾಚಾರಕ್ಕೆ ಬಗ್ಗಿಸಿ ಕೊಟ್ಟವರ ತಪ್ಪು. ಟ್ಯಾಂಕಿಗೆ ಪಟ್ಟ ಶ್ರಮದಲ್ಲಿ ಕಾಲುಭಾಗ ಗಾರ್ಡಿಗೆ ಪಟ್ಟಿದ್ದರೆ ಅದನ್ನು ಬಿಚ್ಚಲು ಯಾವ ಹುಡುಗನಿಗೂ ಮನಸ್ಸು ಬರುತ್ತಿರಲಿಲ್ಲ.

ಆದ್ದರಿಂದ, ಗೆಳತಿಯರೇ, ನನ್ನದೊಂದು ವಿನಂತಿ. ಮನೆಗೆ ಹೊಸ ಗಾಡಿ ತರುವ ಮಾತು ಬಂದಾಗ "ನಿಮಗೆ ಹೇಗೆ ತೋಚುತ್ತೋ ಹಾಗೆ ಮಾಡಿ" ಎಂದು ಅಡುಗೆಮನೆಗೆ ಹೋಗಬೇಡಿ. ಷೋರೂಮಿಗೆ ನೀವೂ ಹೋಗಿ. ದಿನಾ ಉಡುವ ಸೀರೆಯಲ್ಲೇ ಹೋಗಿ. ಹಿಂದಿನ ಸೀಟಿನಲ್ಲಿ ಕೂರಿ, ಹಿಡಿಯನ್ನು ಎಳೆದು ನೋಡಿ, ಕಾಲು ಎಲ್ಲಿ ಬೀಳುತ್ತದೆ ನೋಡಿ, ಸೈಲೆನ್ಸರ್ ಎಲ್ಲಿದೆ ನೋಡಿ. ಗಾರ್ಡ್ ಚಕ್ರದ ಅರ್ಧವನ್ನಾದರೂ ಮುಚ್ಚುತ್ತದೆಯೇ ಎಂದು ಕೇಳಿ. ಅಲ್ಲಿಯ ಹುಡುಗ ನಿಮ್ಮನ್ನು ಬಿಟ್ಟು ಯಜಮಾನರ ಮುಖ ನೋಡಿ ಉತ್ತರ ಕೊಟ್ಟರೆ, "ಇಲ್ಲಿ ನೋಡಪ್ಪಾ, ಕೇಳಿದ್ದು ನಾನು" ಎನ್ನಿ. ಸರಿಬರದಿದ್ದರೆ ಬೇಡವೆನ್ನಿ. ಮನೆಯಲ್ಲಿ ಮಗನೋ ತಮ್ಮನೋ ಸ್ಪ್ಯಾನರ್ ತೆಗೆದುಕೊಂಡು ಗಾರ್ಡಿನ ಬಳಿ ಕೂತರೆ ಆ ಸ್ಪ್ಯಾನರನ್ನು ಕಿತ್ತು ಅಕ್ಕಿ ಡಬ್ಬಿಯೊಳಗೆ ಹಾಕಿ. ಅಲ್ಲಿ ಅವರು ಹುಡುಕುವುದಿಲ್ಲ.

ಅಭಿಮಾನಿಗಳಿಗೂ ಒಂದು ಮಾತು. ಮುಂದಿನ ಜಾವಾ ಹೇಗಿರಬೇಕು, ಮುಂದಿನ ಯೆಜ್ಡಿ ಹೇಗಿರಬೇಕು ಎಂದು ತೀರ್ಪು ಕೊಡುವ ಮೊದಲು ಒಂದು ದಿನ, ಒಂದೇ ಒಂದು ದಿನ, ಹಿಂದಿನ ಸೀಟಿನಲ್ಲಿ ಒಂದೇ ಪಕ್ಕಕ್ಕೆ ಕೂತು, ಮಡಿಲಲ್ಲಿ ಐದು ಕೇಜಿ ಹಿಟ್ಟಿನ ಚೀಲ ಇಟ್ಟುಕೊಂಡು, ಊರಿನ ಹಂಪ್‌ಗಳನ್ನೆಲ್ಲ ದಾಟಿ ಬನ್ನಿ. ಬಂದು ಇಳಿದ ಮೇಲೆ ಟ್ಯಾಂಕಿನ ಗೆರೆಯ ಬಗ್ಗೆ ಮಾತಾಡೋಣ. ಕಾಫಿ, ಕೋಡುಬಳೆ ನನ್ನ ಖರ್ಚು.